ಒಂದು ಒಲೆಗೆ ಒಂದು ಚೀಟಿ

ಲೆಕ್ಕ ಸುಳ್ಳು ಹೇಳುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1996ರಲ್ಲಿ ನನ್ನ ಲೆಕ್ಕ ಸುಳ್ಳನ್ನೇ ಹೇಳಿತ್ತು.

ಆಗ ನಾನು ಹಾಸನದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ಡಾಕ್ಟರ್ ಸಂಪತ್ಕುಮಾರ್ ಅರಕಲಗೂಡಿನ ಹಳ್ಳಿಗಳಲ್ಲಿ ರಕ್ತಹೀನತೆಗೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು. ಲೆಕ್ಕದ ಹೊಣೆ ನನ್ನದು. ಒಪ್ಪಿದ ಹೆಂಗಸರಿಂದ ಚೀಟಿ ಎತ್ತಿಸಿ, ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ಹಳೆಯದು ಕೊಟ್ಟೆವು. ಮಾತ್ರೆಗಳು ನೋಡಲು ಒಂದೇ. ಹೊಸದರ ಡಬ್ಬಿಗೆ ಕೆಂಪು ಮುಚ್ಚಳ, ಹಳೆಯದಕ್ಕೆ ನೀಲಿ. ವರ್ಷ ಕಳೆದು ನೋಡಿದರೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ.

“ಹೊಸದರಿಂದ ಪ್ರಯೋಜನ ಇಲ್ಲ ಅಂತ ಬರೆದು ಕಳಿಸಿಬಿಡೋಣ, ಹಂಸ,” ಎಂದರು ಡಾಕ್ಟರು. ಕಳಿಸಿದ್ದರೆ ಆ ಮಾತ್ರೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಪಟ್ಟಿ ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಒಬ್ಬಳೇ ಮಾತ್ರೆ ತಿಂದ ಕಡೆ ಹೊಸದು ಗೆದ್ದಿತ್ತು. ಇಬ್ಬರು ಮೂವರು ತಿಂದ ಮನೆಗಳಲ್ಲಿ ಮಾತ್ರ ಎಲ್ಲ ಸಮಸಮ. ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಪಟ್ಟಿಯ ಮೊದಲ ಮನೆ ಲಕ್ಕಮ್ಮನದು. ಅಂಗಳದಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅವಳಿಗೆ ಕೆಂಪು ಬಂದಿತ್ತು, ಸೊಸೆಗೆ ನೀಲಿ. ಡಬ್ಬಿಗಳನ್ನು ಕೇಳಿದರೆ ಒಂದೇ ತಂದಳು.

“ಎರಡ್ನೂ ಒಂದೇ ಡಬ್ಬಿಗೆ ಸುರ್ಕೊಂಡ್ಬುಟ್ಟೆ ಕಣವ್ವ. ಒಂದೇ ಒಲೇಲಿ ಉಣ್ಣೋರ್ಗೆ ನಂಗೊಂದು, ಅವಳ್ಗೊಂದು ಅಂದ್ರೆ ಪಂಕ್ತಿಭೇದ ಅಲ್ವಾ? ಪಾಪ ಸುತ್ಕೊಳ್ತದೆ.”

ಮೊದಲು ಸಿಟ್ಟು ಬಂತು. ಆಮೇಲೆ ನಮ್ಮಜ್ಜಿಯ ನೆನಪಾಯಿತು. ಊಟದ ಸಾಲಿನಲ್ಲಿ ಒಬ್ಬರಿಗೆ ತುಪ್ಪ ತಪ್ಪಿದರೂ ಅವಳು ಬಡಿಸಿದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ತಪ್ಪು ಲಕ್ಕಮ್ಮನದಲ್ಲ, ಒಂದು ಮನೆಯನ್ನು ಎರಡು ಮಾಡಲು ಹೋದ ನನ್ನದು.

ಹಾಸನಕ್ಕೆ ಮರಳಿ ಡಾಕ್ಟರಿಗೆ ಹೇಳಿದೆ: “ಮೊದಲಿಂದ ಮಾಡ್ಬೇಕು, ಸಾರ್. ಚೀಟಿ ಆಳಿಗಲ್ಲ, ಒಲೆಗೆ. ಒಂದು ಮನೇಲಿ ಎಲ್ರಿಗೂ ಒಂದೇ ಮಾತ್ರೆ.”

“ಇನ್ನೆರಡು ವರ್ಷ ಹಿಡಿಯುತ್ತೆ ಕಣ್ರೀ!”

“ಹಿಡೀಲಿ.”

ಒಂದೇ ಊಟ ಉಣ್ಣುವ ಮೂವರನ್ನು ಬೇರೆ ಬೇರೆ ಮೂವರೆಂದು ಎಣಿಸಿದರೆ ಲೆಕ್ಕ ಮತ್ತೆ ಮೋಸ ಮಾಡುತ್ತದೆ. ಅದಕ್ಕೊಂದು ಸೂತ್ರ ಕಟ್ಟುವುದರಲ್ಲಿ ನನ್ನ ಎರಡು ಬೇಸಿಗೆ ರಜೆ ಹೋದವು.

ಈ ಸಲ ಲಕ್ಕಮ್ಮನ ಒಲೆಗೆ ನೀಲಿ ಬಂತು. ನೀಲಿ ಎಂದರೆ ಹಳೆಯದೆಂದು ಅವಳಿಗೆ ತಿಳಿಯದು. ಸೊಸೆಯ ಬಿಳಿಚಿದ ಮುಖ ನೋಡಿ ಚೀಟಿ ಬದಲಿಸಿಬಿಡೋಣ ಅನ್ನಿಸಿತು. ಬದಲಿಸಲಿಲ್ಲ.

1999ರಲ್ಲಿ ಫಲಿತಾಂಶ ಬಂತು. ಅನುಮಾನಕ್ಕೆ ಎಡೆಯಿಲ್ಲದಂತೆ ಹೊಸದು ಗೆದ್ದಿತ್ತು. ಮಲೇರಿಯಾ, ಕ್ಷಯದ ಮೇಲೆ ಪರೀಕ್ಷೆ ನಡೆಸುವವರು ದೂರದೂರುಗಳಿಂದ ನನ್ನ ಸೂತ್ರ ಕೇಳಿ ಕಾಗದ ಬರೆದರು. ನಾನು ಉತ್ತರವನ್ನೂ ಬರೆಯದೆ ಕೆಂಪು ಮುಚ್ಚಳದ ಡಬ್ಬಿಗಳನ್ನು ಹೊತ್ತುಕೊಂಡು ಮೊದಲು ಲಕ್ಕಮ್ಮನ ಮನೆಗೆ ಹೋದೆ. ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ.

“ನಮ್ಮಂಗೆ ನೀಲಿ ಬಂದಿದ್ದ ಒಲೆ ಇನ್ನೂ ಎಷ್ಟವ್ವ?”

“ತೊಂಬತ್ತಾರು.”

ಲಕ್ಕಮ್ಮ ಸೊಸೆಯ ಕಡೆ ನೋಡಿದಳು. ಸೊಸೆ ಆಗಲಿ ಎಂಬಂತೆ ತಲೆಯಾಡಿಸಿದಳು. ಲಕ್ಕಮ್ಮ ಡಬ್ಬಿಯನ್ನು ನನ್ನ ಚೀಲಕ್ಕೇ ವಾಪಸು ಹಾಕಿದಳು.

“ಅವರ್ಗೆಲ್ಲ ಕೊಟ್ಬುಟ್ಟು ಬಾ. ಎಲ್ರಿಗೂ ಬಡಿಸೋಗಂಟ ನಾವು ಎಲೆಗೆ ಕೈ ಇಕ್ಕಾಕಿಲ್ಲ.”

ಚೀಲ ಹೆಗಲಿಗೇರಿಸಿ ಮುಂದಿನ ನೀಲಿ ಮನೆಗೆ ನಡೆದೆ.