ರಬ್ಬರ್ ಮಾಮನ ಕೊನೇ ಕಂತು

ಮನೆಮಂದಿಗೆಲ್ಲ ಅವನು ರಬ್ಬರ್. ದಿನವಿಡೀ ಬಸ್ಸು ಓಡಿಸುವ, ಮೀಸೆ ನರೆಯುತ್ತಿರುವ ಡ್ರೈವರನಿಗೆ ಇದೆಂಥ ಹೆಸರು ಎಂದು ಕೇಳಬೇಡಿ, ಅವನೂ ಅದನ್ನೇ ಕೇಳುತ್ತ ಬಂದಿದ್ದಾನೆ. ಪೆನ್ಸಿಲಿನ ಗೀಟು ಅಳಿಸುವ ರಬ್ಬರ್ ಇದೆಯಲ್ಲ, ಅದು. ಚಿಕ್ಕಂದಿನಲ್ಲಿ ಅಕ್ಕನ ಕಾರ್ಟೂನ್ ಕ್ಯಾಸೆಟ್ಟು ಅಳಿಸಿಹಾಕಿದ ಎಂಬ ಆರೋಪಕ್ಕೆ ಸಿಕ್ಕ ಬಿರುದು. ತಾನಲ್ಲ ಎಂದು ಬಾಯಿ ಬಡಿದುಕೊಂಡಷ್ಟೂ ಹೆಸರು ಗಟ್ಟಿಯಾಯಿತು. ಮೊನ್ನೆ ಅಕ್ಕನ ಮಗಳು ಬಸ್ಸು ಹತ್ತಿದವಳೇ ತುಂಬಿದ ಜನರ ನಡುವೆ ‘ರಬ್ಬರ್ ಮಾಮಾ!’ ಎಂದು ಕೂಗಿದಳು. ಆವತ್ತಿನಿಂದ ಕಂಡಕ್ಟರ್ ಅವನ ಮುಖ ನೋಡಿದಾಗಲೆಲ್ಲ ಕಿಸಕ್ಕನೆ ನಗುತ್ತಾನೆ.

ಅಲ್ಲಿಗೆ ಅವನ ತಾಳ್ಮೆಯ ಕಟ್ಟೆಯೊಡೆಯಿತು. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಹೇಗೋ ಉಸಿರಾಡುತ್ತಿದ್ದ ಒಂದು ವಿಸಿಆರ್ ಹೊತ್ತು ತಂದ. ಭಾನುವಾರ ಬೆಳಗ್ಗೆ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿ, ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

‘ಯಾರೂ ಏಳಬಾರದು,’ ಎಂದ.

‘ಒಲೆ ಮೇಲೆ ಹಾಲಿದೆ ಕಣೋ,’ ಎಂದು ಅಮ್ಮ ಎದ್ದೇಬಿಟ್ಟಳು.

ಹೀಗೆ ಎಲ್ಲರನ್ನೂ ಕೂರಿಸಿ ಕನ್ನಡಕ ಒರೆಸುವುದು ಆ ಕಾರ್ಟೂನಿನ ಪದ್ಧತಿ. ಅದರಲ್ಲಿ ಪತ್ತೇದಾರಿಕೆ ಮಾಡುತ್ತಿದ್ದದ್ದು ಒಂದು ಬಾತುಕೋಳಿ. ಕಳ್ಳನ ಹೆಸರು ಹೇಳುವ ಮುಂಚೆ ಕನ್ನಡಕ ತೆಗೆದು ನಿಧಾನವಾಗಿ ಒರೆಸುತ್ತಿತ್ತು. ಆ ಒರೆಸುವಷ್ಟು ಹೊತ್ತು ಅಕ್ಕ ತಮ್ಮ ಇಬ್ಬರೂ ಒಂದೇ ಕಂಬಳಿಯೊಳಗೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಅಕ್ಕ ಪ್ರತಿ ಕಂತನ್ನೂ ಟಿವಿಯಿಂದ ಕ್ಯಾಸೆಟ್ಟಿಗಿಳಿಸಿಕೊಳ್ಳುತ್ತಿದ್ದಳು. ಕಳ್ಳ ಯಾರೆಂದು ಬಾಯಿಪಾಠವಾದ ಮೇಲೂ ಅವರು ಅಷ್ಟೇ ಬೆಚ್ಚಿಬೀಳುತ್ತಿದ್ದರು. ಅಂಥ ಸುಖ ಆಮೇಲೆ ಯಾವ ಸಿನಿಮಾದಲ್ಲೂ ರಬ್ಬರನಿಗೆ ಸಿಕ್ಕಿಲ್ಲ.

ಕೊನೇ ಕಂತು ಬಂದ ದಿನ ಮಾತ್ರ ಅವನು ಟಾನ್ಸಿಲ್ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದ. ಅಮ್ಮ ಅವನ ಜೊತೆಗಿದ್ದಳು. ಅಕ್ಕ ಟಿವಿಗೆ ಬೆಡ್‌ಶೀಟ್ ಹೊದಿಸಿ, ಕಿವಿಗೆ ಬೆರಳಿಟ್ಟುಕೊಂಡು ರೆಕಾರ್ಡ್ ಮಾಡಿದಳು, ತಮ್ಮ ಬಂದ ಮೇಲೇ ನೋಡಬೇಕೆಂದು. ಆದರೂ ತಡೆಯಲಾರದೆ ಹಾಕಿ ನೋಡಿದಳು. ಬಾತುಕೋಳಿ ಕನ್ನಡಕ ಒರೆಸಿ ಮಾತು ತೆಗೆದ ಕೂಡಲೇ ಮನಸ್ಸು ಕಲ್ಲು ಮಾಡಿಕೊಂಡು ಅಲ್ಲಿಗೇ ನಿಲ್ಲಿಸಿದಳು, ಹಿಂದಕ್ಕೆ ಸುತ್ತಲೂ ಇಲ್ಲ. ಅದರ ಮೇಲೆ ಯಾರೂ ರೆಕಾರ್ಡ್ ಮಾಡದಿರಲೆಂದು ಕ್ಯಾಸೆಟ್ಟಿನ ಮೂಲೆಯ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದು, ಕ್ಯಾಸೆಟ್ಟನ್ನು ಬಚ್ಚಿಟ್ಟು ಚಿಕ್ಕಮ್ಮನ ಮನೆಗೆ ಹೋದಳು. ಅಕ್ಕ ಈಗ ಹಲ್ಲಿನ ಡಾಕ್ಟರು. ತಾನು ಕಿತ್ತ ಮೊದಲ ಹಲ್ಲು ಅದೇ ಎನ್ನುತ್ತಾಳೆ.

ಅವಳು ತಿರುಗಿ ಬರುವಷ್ಟರಲ್ಲಿ ತಮ್ಮ ಮನೆಗೆ ಬಂದಿದ್ದ. ಇಬ್ಬರೂ ಕಂಬಳಿ ಹೊದ್ದು ಕೂತರು. ಬಾತುಕೋಳಿ ಕನ್ನಡಕ ಒರೆಸಿ, ‘ಕಳ್ಳ ಬೇರೆ ಯಾರೂ ಅಲ್ಲ...’ ಎಂದದ್ದೇ ತಡ, ಪರದೆಯ ಮೇಲೆ ಇಬ್ಬರು ಗಡವ ಕುಸ್ತಿಪಟುಗಳು ಒಬ್ಬರ ಮೇಲೊಬ್ಬರು ಬಿದ್ದರು. ಅಕ್ಕ ಹೋ ಎಂದು ಅತ್ತು ಕ್ಯಾಸೆಟ್ಟು ಕಿತ್ತಳು. ಕುಸ್ತಿಯ ಹುಚ್ಚು ಆ ಮನೆಯಲ್ಲಿದ್ದದ್ದು ಒಬ್ಬನಿಗೇ. ಅಮ್ಮ ಅವನಿಗೆ ಮಂಗಳಾರತಿ ಎತ್ತಿದಳು. ಗಂಟಲು ಕೊಯ್ಸಿಕೊಂಡು ಬಂದವನು ಏನೆಂದು ವಾದಿಸಿಯಾನು? ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದ. ತಪ್ಪೊಪ್ಪಿಕೊಂಡ ಎಂದು ತೀರ್ಪಾಯಿತು.

ಇವತ್ತು ಅಟ್ಟದ ಪೆಟ್ಟಿಗೆಯಿಂದ ಅದೇ ಕ್ಯಾಸೆಟ್ಟು ಹೊರಬಂದಿತ್ತು. ಬಾತುಕೋಳಿ ಕನ್ನಡಕ ಒರೆಸಿತು. ಕುಸ್ತಿಪಟುಗಳು ಬಿದ್ದರು. ಅಕ್ಕನ ಕೈ ಆವತ್ತಿನಂತೆಯೇ ಗುಂಡಿಯ ಕಡೆ ಹೋಯಿತು.

‘ಮುಟ್ಟಬೇಡ. ಇದರ ಮುಂದೇನಿದೆ ಅಂತ ಇವತ್ತಿನವರೆಗೆ ಯಾರೂ ನೋಡಿಲ್ಲ,’ ಎಂದ ರಬ್ಬರ್.

ಬೋಳು ತಲೆಯವನನ್ನು ಕೆಂಪು ಚಡ್ಡಿಯವನು ಎತ್ತಿ ಒಗೆದ. ರಬ್ಬರ್ ಟಿವಿಯ ಹತ್ತಿರಕ್ಕೆ ಸರಿದ.

‘ಅಕ್ಕಾ, ಇದು ಫೈನಲ್ಲು ಕಣೇ! ನಾನು ನೋಡದೇ ಇದ್ದ ಫೈನಲ್ಲು. ಇದು ನಡೆಯುವಾಗ ನಾನು ಆಸ್ಪತ್ರೆಯಲ್ಲಿ ಐಸ್‌ಕ್ರೀಮ್ ನೆಕ್ಕುತ್ತಾ ಅಳ್ತಿದ್ದೆ. ಬೇಕಿದ್ರೆ ಅಮ್ಮನ್ನ ಕೇಳು.’

‘ಹೌದು, ಟಿವಿ ಬೇಕು ಅಂತ ನರ್ಸಿನ ಸೆರಗೇ ಹಿಡ್ಕೊಂಡಿದ್ದ,’ ಎಂದಳು ಅಮ್ಮ ಅಡುಗೆಮನೆಯಿಂದ.

ಅಕ್ಕನ ಮುಖ ಬಿಳುಚಿತು. ಅವಳು ಕ್ಯಾಸೆಟ್ಟು ಹೊರತೆಗೆದು, ರೋಗಿಯ ದವಡೆ ನೋಡುವಂತೆ ಬೆಳಕಿಗೆ ಹಿಡಿದಳು. ಮುರಿದ ಹಲ್ಲಿನ ಗುಂಡಿಯ ಮೇಲೆ ಅಂಟುಪಟ್ಟಿಯ ಚೂರಿತ್ತು. ಅದನ್ನು ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬುದು ಆ ಕಾಲದ ಎಲ್ಲರಿಗೂ ಗೊತ್ತು. ಆದರೆ ಈ ಚೂರು ನಾಲ್ಕೂ ಮೂಲೆ ಸಮನಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕತ್ತರಿಸಿದ್ದು. ಹಲ್ಲಿನಿಂದ ಹರಿಯುವ ಹುಡುಗನ ಕೆಲಸವಲ್ಲ. ಇಷ್ಟು ನೇರ್ಪಾಗಿ ಕತ್ತರಿಸುವ ಕೈ ಆ ಮನೆಯಲ್ಲಿ ಒಂದೇ.

ಎಲ್ಲರೂ ಒಟ್ಟಿಗೆ ಮೂಲೆಯ ಕುರ್ಚಿಯ ಕಡೆ ತಿರುಗಿದರು. ಜೀವಮಾನವಿಡೀ ಕೈಗಡಿಯಾರ ರಿಪೇರಿ ಮಾಡಿದ ಅಪ್ಪ, ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದವರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚುವುದಿಲ್ಲ.

‘ಅಪ್ಪಾ!’

‘ಇವನು ಆಸ್ಪತ್ರೆಯಲ್ಲಿ ಕುಸ್ತಿ ಕುಸ್ತಿ ಅಂತ ಅಳ್ತಾನೆ ಅಂತ ನಿಮ್ಮಮ್ಮ ಫೋನ್ ಮಾಡಿದ್ಲು,’ ಎಂದರು ಅಪ್ಪ, ಕಣ್ಣು ತೆರೆಯದೆಯೇ. ‘ಖಾಲಿ ಕ್ಯಾಸೆಟ್ಟು ಇರಲಿಲ್ಲ. ನನ್ನ ಗಡಿಯಾರ ರಿಪೇರಿ ಪಾಠದ್ದು ಒಂದಿತ್ತಲ್ಲ, ಹೋದರೆ ಹೋಗಲಿ, ಹುಡುಗ ನೋಡ್ಲಿ ಅಂತ ಅದರ ಮೇಲೇ ಹಾಕ್ದೆ. ಅದರೊಳಗೆ ಬಾತುಕೋಳಿ ಹೇಗೆ ಬಂತು ಅಂತ ಇವತ್ತಿಗೂ ನನಗೆ ತಿಳೀಲಿಲ್ಲ.’

ಅಕ್ಕ ಕ್ಯಾಸೆಟ್ಟಿನ ಡಬ್ಬಿಯನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಮೇಲೆ ಅಪ್ಪನ ಕೈಬರಹದಲ್ಲಿ ‘ಗೋಡೆ ಗಡಿಯಾರ: ಪಾಠಗಳು’ ಎಂದಿತ್ತು.

‘ಈ ಮನೇಲಿ ಯಾರೂ ಮುಟ್ಟದ ಡಬ್ಬಿ ಇದೊಂದೇ ಅಂತ...’ ಅವಳ ದನಿ ಸೋತಿತು. ‘ಇದರೊಳಗೆ ಬಚ್ಚಿಟ್ಟಿದ್ದೆ.’

‘ಹೇಳಬಾರದಿತ್ತಾ ಅಪ್ಪಾ ನೀವು?’ ಎಂದ ರಬ್ಬರ್.

‘ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನಿಮ್ಮಮ್ಮ ನಿನಗೆ ಬೈದಾಗಿತ್ತು. ಆಮೇಲೆ ಹೇಳಿದ್ರೆ ಇನ್ನೊಂದು ಸುತ್ತು ನನಗೆ ಬೈತಾಳಲ್ಲ ಅಂತ...’

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಬೈಗುಳ ಬರಲಿಲ್ಲ. ಹಾಲು ಮಾತ್ರ ಉಕ್ಕಿ ಹೋಯಿತು.

ರಬ್ಬರ್ ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ತುರುಕಿ, ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಕುಸ್ತಿ ಎಂದರೆ ಕತ್ತೆಗಳ ಜಗಳ ಎನ್ನುತ್ತಿದ್ದ ಅಪ್ಪ, ತನಗಾಗಿ ಇದನ್ನು ಕಾದು ಕೂತು ಹಿಡಿದಿದ್ದರು. ಕೆಂಪು ಚಡ್ಡಿಯವನು ಬೋಳು ತಲೆಯವನನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಅಷ್ಟೇ, ಟೇಪು ಮುಗಿದು ಪರದೆ ನೀಲಿಯಾಯಿತು.

‘ಅಯ್ಯೋ, ಅದೂ ಪೂರ್ತಿ ಬಂದಿಲ್ವಾ?’ ಎಂದು ಅಪ್ಪ ಕಣ್ಣು ತೆರೆದರು.

‘ಬಾತುಕೋಳಿ, ಕುಸ್ತಿ ಎರಡನ್ನೂ ಮುಗಿಸಿಬಿಟ್ರಿ!’ ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ‘ಇನ್ಮೇಲೆ ನೀವೇ ರಬ್ಬರ್ ತಾತ!’

ಎಲ್ಲರೂ ನಕ್ಕರು. ಅಪ್ಪನೂ ನಗಲು ನೋಡಿದರು, ಆದರೆ ತಲೆ ತಗ್ಗಿತು. ಇಷ್ಟು ವರ್ಷ ಯಾರಾದರೂ ಈ ಹೆಸರನ್ನು ತನ್ನ ಮೈಮೇಲಿಂದ ಇಳಿಸಲಿ ಎಂದು ಕಾಯುತ್ತಿದ್ದ ರಬ್ಬರನಿಗೆ ಆ ತಗ್ಗಿದ ತಲೆಯನ್ನು ನೋಡಲಾಗಲಿಲ್ಲ.

‘ಏಯ್, ಸುಮ್ನಿರು. ಅದು ನನ್ನ ಹೆಸರು. ಬೇರೆ ಯಾರಿಗೂ ಬಿಟ್ಟುಕೊಡಲ್ಲ,’ ಎಂದು ಅವನು ಕ್ಯಾಸೆಟ್ಟನ್ನು ಮೊದಲಿನಿಂದ ನೋಡಲು ಹಿಂದಕ್ಕೆ ಸುತ್ತಿದ.