ಬಡಿಗೇರ ಮೋನಪ್ಪನ ಹಾಯಿದೋಣಿ

ಬಡಿಗೇರ ಮೋನಪ್ಪನಿಗೆ ದೋಣಿಯ ಹುಚ್ಚು ಹಿಡಿದದ್ದು ಬೆಂಕಿಪೊಟ್ಟಣದ ಚೀಟಿ ನೋಡಿ ಎಂದು ಊರವರು ಹೇಳುತ್ತಿದ್ದರು. ಅದು ಅರ್ಧ ನಿಜ. ಚೀಟಿಯ ಮೇಲೆ ಹಾಯಿ ಬಿಚ್ಚಿದ ಒಂದು ಹಡಗಿನ ಚಿತ್ರವಿತ್ತು. ಬೀಡಿ ಹಚ್ಚುವ ಮುಂಚೆ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದದ್ದೂ ಹೌದು. ಆದರೆ ಕೊಲ್ಹಾರದಿಂದ ಕೆಳಗೆ ಕೃಷ್ಣೆಯ ದಂಡೆಗೆ ಕೂತ ಸಣ್ಣ ಊರಿನಲ್ಲಿ ಹುಟ್ಟಿ, ಐವತ್ತು ದಾಟುವವರೆಗೆ ಬಂಡಿ, ಕೂರಿಗೆ, ಕುಂಟೆ ಬಿಟ್ಟು ಬೇರೇನೂ ಮಾಡದ ಮನುಷ್ಯ ಒಮ್ಮೆಲೇ ದೋಣಿಗೆ ಕೈ ಹಾಕಿದನೆಂದರೆ ಅದಕ್ಕೆ ಬೆಂಕಿಪೊಟ್ಟಣವೊಂದೇ ಸಾಲದು. ನಿಜವಾದ ಕಾರಣ ಅವನ ಒಬ್ಬಳೇ ಮಗಳು ಸಿದ್ದವ್ವ.

ಸಿದ್ದವ್ವನನ್ನು ಕೊಟ್ಟದ್ದು ಹೊಳೆಯ ಆಚೆ ದಂಡೆಯ ಊರಿಗೆ, ಹರಿವಿನ ಮೇಲ್ಗಡೆ ಎರಡು ಹರದಾರಿ ದೂರಕ್ಕೆ. ಊರಿನ ಅಂಬಿಗ ನಬಿಲಾಲನ ಬುಟ್ಟಿಯಂಥ ಹರಗೋಲು ಜನರನ್ನು ನೆಟ್ಟಗೆ ಆಚೆ ದಂಡೆಗೇನೋ ಮುಟ್ಟಿಸುತ್ತಿತ್ತು. ಸೆಳವಿಗೆ ಎದುರಾಗಿ ಮೇಲಕ್ಕೆ ಹೋಗು ಎಂದರೆ ಮಾತ್ರ ಅದು ತನ್ನ ಸುತ್ತ ತಾನೇ ತಿರುಗಿ ಕೂತವರಿಗೆ ತಲೆ ಸುತ್ತು ಬರಿಸುತ್ತಿತ್ತು. ಇಳಿದ ಮೇಲೆ ಜಾಲಿಮುಳ್ಳಿನ ಕಾಲುದಾರಿ. ಬಂಡಿಗೋ ಬಸ್ಸಿಗೋ ಹೋಗುತ್ತೇನೆಂದರೆ ದೊಡ್ಡ ಸುತ್ತು, ದಾರಿಯುದ್ದಕ್ಕೂ ತೆಗ್ಗು ದಿನ್ನೆ, ಕುಲುಕಾಟ.

ಆ ಕುಲುಕಾಟದ ಮಾತು ಬಂದರೆ ಮೋನಪ್ಪ ಎದ್ದು ಹೋಗುತ್ತಿದ್ದ. ಎರಡು ವರ್ಷದ ಹಿಂದೆ ಸಿದ್ದವ್ವ ಬಸುರಿಯಾದಾಗ, ತಾನೇ ಮಾಡಿದ ಬಂಡಿಯಲ್ಲಿ ಅವಳನ್ನು ತವರಿಗೆ ಕರೆತಂದಿದ್ದ. ಮನೆ ಮುಟ್ಟುವುದರೊಳಗೆ ಹೊಟ್ಟೆನೋವು ಸುರುವಾಗಿ ಬಸಿರು ಇಳಿದುಹೋಯಿತು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ತನ್ನ ಕೈಯ ಗಾಲಿಗಳೇ ಮಗಳ ಕೂಸನ್ನು ತಿಂದವು ಎಂಬ ಸಂಕಟ, ಉಗುರೊಳಗೆ ಮುರಿದ ಸಿಬಿರಿನ ಹಾಗೆ ಅವನಲ್ಲೇ ಉಳಿಯಿತು.

ಹೀಗಿರುವಾಗ ೧೯೭೩ರ ಶ್ರಾವಣದಲ್ಲಿ ಸಿದ್ದವ್ವ ಮತ್ತೆ ಬಸುರಿ ಎಂಬ ಸುದ್ದಿ ಬಂತು. ಮೋನಪ್ಪನ ಹೆಂಡತಿ ಕಸ್ತೂರೆವ್ವ ದೇವರಿಗೆ ದೀಪ ಹಚ್ಚಿದಳು. ಮೋನಪ್ಪ ಹೋಗಿ, ಮುಂಗಾರಿನ ಗಾಳಿಗೆ ಅಂಗಳದಲ್ಲಿ ಬಿದ್ದಿದ್ದ ಬೇವಿನ ಮರದ ಮೇಲೆ ಕೂತು ಬೀಡಿ ಸೇದಿದ. ಸೇದಿ ಮುಗಿಸಿ ಎದ್ದು ಬಂದ.

"ಈ ಸಲ ಅಕಿನ್ನ ನೀರಿನ ಮ್ಯಾಲ ತರ್ತೇನಿ. ಒಂದ ಕುಲುಕು ಹತ್ತಬಾರದು."

"ನಿಮಗ ದೋಣಿ ಮಾಡಾಕ ಬರ್ತೈತೇನ್ರಿ?"

"ಬಂಡಿ ಮಾಡಾಕ ಬರ್ತೈತಿ. ಗಾಲಿ ತಗದ್ರ ಬಂಡಿನ ದೋಣಿ ಅಲ್ಲೇನು?"

ಕಸ್ತೂರೆವ್ವನಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಆದರೂ ಗಂಡನ ಮುಖದಲ್ಲಿ ಎರಡು ವರ್ಷದಿಂದ ಕಾಣದ ಉಮೇದು ಕಂಡು ಅಡ್ಡಿ ಮಾಡಲಿಲ್ಲ.

ಏಳನೆಯ ತಿಂಗಳಿಗೆ ಕರೆತರುವುದೆಂದು ಠರಾವಾಯಿತು. ಅಷ್ಟೊತ್ತಿಗೆ ಹೊಳೆ ಇಳಿದಿರುತ್ತದೆ, ಮೂಡಣ ಗಾಳಿ ಬಿಟ್ಟಿರುತ್ತದೆ. ಕೃಷ್ಣೆ ಹರಿಯುವುದು ಮೂಡಣಕ್ಕೆ. ಚಳಿಗಾಲದ ಗಾಳಿ ಬೀಸುವುದು ಮೂಡಣದಿಂದ. ಹೋಗುವಾಗ ಗಾಳಿ ದಬ್ಬಬೇಕು, ಬರುವಾಗ ನೀರು ಹೊತ್ತು ತರಬೇಕು. ಇಷ್ಟು ಸರಳ ಮಾತು ಊರಲ್ಲಿ ಇಷ್ಟು ದಿನ ಯಾರಿಗೂ ಯಾಕೆ ಹೊಳೆದಿರಲಿಲ್ಲ ಎಂದು ಮೋನಪ್ಪ ತನ್ನಷ್ಟಕ್ಕೆ ತಾನೇ ಬೀಗಿದ.

ಬೇವನ್ನು ಕೊಯ್ಸಿ ಹಲಗೆ ಮಾಡಿದ. ಆದರೆ ಹಿಂಗಾರಿ ಬಿತ್ತನೆಯ ಹೊತ್ತು ಬಂತು. ವರ್ಷಕ್ಕೊಮ್ಮೆ ಕೂಲಿಯಾಗಿ ಕಾಳು ಕೊಡುವ ರೈತ ಮುರಿದ ಕೂರಿಗೆ ಹೊತ್ತು ಬಂದರೆ, ತಡಿಯಪ್ಪಾ ನಾ ದೋಣಿ ಮಾಡಾಕತ್ತೇನಿ ಎನ್ನಲಾಗುತ್ತದೆಯೇ? ಬಂದವರೆಲ್ಲ ಕೂರಿಗೆ ರಿಪೇರಿಯಾಗುವ ತನಕ ಹಲಗೆಗಳ ಮೇಲೆ ಕೂತು ಬಿಟ್ಟಿ ಸಲಹೆ ಕೊಟ್ಟರು. ಮೂತಿ ಚೂಪಾಗಲಿ ಎಂದ ಒಬ್ಬ, ಮೊಂಡಾಗಲಿ ಎಂದ ಇನ್ನೊಬ್ಬ. ಹುಟ್ಟಿದಾಗಿನಿಂದ ಹೊಳೆಗೆ ಕಾಲಿಡದವನೊಬ್ಬ ಈಜು ಬರದವರನ್ನು ಅದರಲ್ಲಿ ಕೂರಿಸಬಾರದೆಂದು ತಾಕೀತು ಮಾಡಿ ಹೋದ. ಅಮಾವಾಸ್ಯೆಗೆ ಉಳಿ ಮುಟ್ಟುವಂತಿಲ್ಲ. ಹೀಗೆ ದಿನ ಜಾರಿದವು.

ಕೊನೆಗೂ ದೋಣಿ ನಿಂತಿತು. ಒಬ್ಬರು ಕಾಲು ಚಾಚಿ ಮಲಗಿ ಇಬ್ಬರು ಕೂರುವಷ್ಟು ಉದ್ದ, ತಳ ಚಪ್ಪಟೆ. ಹಲಗೆಯ ಸಂದುಗಳಿಗೆ ಪುಂಡಿನಾರು ತುರುಕಿ ಡಾಂಬರು ಬಳಿದದ್ದಾಯಿತು. ನಡುವೆ ಬಿದಿರಿನ ಗಳ. ಕಸ್ತೂರೆವ್ವ ಮಂಜರಪಾಟಿನ ಬಟ್ಟೆಯನ್ನು ಕೌದಿ ಹೊಲಿದಂತೆ ಸಾಲುಸಾಲಾಗಿ ಹೊಲಿದು ಹಾಯಿ ಮಾಡಿಕೊಟ್ಟಳು. ನಬಿಲಾಲ ಸುತ್ತಲೂ ತಿರುಗಿ ನೋಡಿ, "ಬಡಿಗ್ಯಾರ, ಎತ್ತು ಎಲ್ಲಿ ಕಟ್ಟಾವ್ರು?" ಎಂದು ಕೇಳಿದ.

ಹೊಳೆಗಿಳಿಸಿದ ದಿನ ಅರ್ಧ ಊರು ದಂಡೆಗೆ ಬಂದಿತ್ತು. ಕಾಯಿ ಒಡೆದರು. ದೋಣಿ ತೇಲಿತು, ಜನ ಚಪ್ಪಾಳೆ ತಟ್ಟುವುದರೊಳಗೆ ಸಂದುಸಂದಿನಿಂದ ನೀರು ಚಿಮ್ಮಿ ಒಳಗೆ ಮೊಣಕಾಲುಮಟ ನಿಂತಿತು. ಮೋನಪ್ಪ ಕೂತಲ್ಲೇ ಮುಳುಗಿದ. ನಬಿಲಾಲ ರಟ್ಟೆ ಹಿಡಿದು ಎಳೆದ, ಬಾಯಲ್ಲಿ ನಗು ತಡೆದುಕೊಂಡು.

ತಪ್ಪು ಮೋನಪ್ಪನಿಗೆ ದಂಡೆಗೆ ಬಂದ ಕ್ಷಣವೇ ಹೊಳೆಯಿತು, ನಾಚಿಕೆಯಾಯಿತು. ಬೇಸಿಗೆಯಲ್ಲಿ ಒಣಗಿ ಸಡಿಲಾದ ಗಾಲಿಯನ್ನು ರೈತರಿಗೆ ಅವನೇ ಹೇಳಿ ಹಳ್ಳದಲ್ಲಿ ನೆನೆಹಾಕಿಸುತ್ತಿದ್ದ. ಕಟ್ಟಿಗೆ ನೀರು ಕುಡಿದು ಉಬ್ಬಿ ಬಿಗಿಯಾಗುತ್ತಿತ್ತು. ದೋಣಿ ಹೇಗೂ ನೀರಲ್ಲೇ ಇರುವುದು, ಅದನ್ನೇನು ನೆನೆಸುವುದೆಂದು ಬಿಟ್ಟಿದ್ದ! ಅದರೊಳಗೆ ಕಲ್ಲು ಹೇರಿ ಮುಳುಗಿಸಿ ಮನೆಗೆ ಬಂದ. ನೆನೆಯಲು ಬೇಕಾದಷ್ಟು ದಿನ ಬಿಟ್ಟು ಎತ್ತಿದಾಗ ಒಂದು ಹನಿಯೂ ಒಸರಲಿಲ್ಲ. ಆದರೆ ಅಷ್ಟರಲ್ಲಿ ಎಳ್ಳಮಾವಾಸ್ಯೆ ಕಳೆದು, ಸಿದ್ದವ್ವನಿಗೆ ಎಂಟು ಸುರುವಾಗಿತ್ತು.

ಗಂಡ ಹೆಂಡತಿ ಬುತ್ತಿ ಕಟ್ಟಿಕೊಂಡು ಹೊರಟರು. ಹಾಯಿಗೆ ಗಾಳಿ ತುಂಬಿತು. ದೋಣಿ ಸೆಳವನ್ನು ಸೀಳಿಕೊಂಡು, ಒಂದು ಕುಲುಕೂ ಇಲ್ಲದೆ ಮೇಲಕ್ಕೆ ಏರಿತು. ಮೋನಪ್ಪ ಹುಟ್ಟು ಹಿಡಿದು ಹಿಂದೆ ಕೂತಿದ್ದ. ಇಷ್ಟು ಸುಖ ತನಗೆ ಯಾವಾಗ ಆಗಿತ್ತೆಂದು ಅವನಿಗೆ ನೆನಪಾಗಲಿಲ್ಲ.

"ಕೈ ನೀರಾಗ ಬಿಟ್ಟ ನೋಡು," ಎಂದ ಹೆಂಡತಿಗೆ. ಅವಳು ಬಿಟ್ಟಳು, ನಕ್ಕಳು.

ಆ ನಗು ಬೀಗತಿ ಶೆಟ್ಟೆವ್ವನ ಪಡಸಾಲೆಯವರೆಗೆ ಮಾತ್ರ ಉಳಿಯಿತು. ಶೆಟ್ಟೆವ್ವ ಸಿದ್ದವ್ವನ ಅತ್ತೆ. ಗಂಡ ತೀರಿದ ಮೇಲೆ ಮನೆತನ ನಡೆಸಿದ ಗಟ್ಟಿ ಹೆಂಗಸು, ಮಾತು ಕಡಿಮೆ.

"ಏಳು ತುಂಬಿದ ಮ್ಯಾಲ ಬಸರಿ ಹೊಳಿ ದಾಟಬಾರದ್ರಿ. ನಮ್ಮ ಮನಿತನದಾಗ ಯಾರೂ ದಾಟಿಲ್ಲ," ಎಂದಳು. "ಒಮ್ಮೆ ಆಗಿದ್ದ ಸಾಕು. ನಾ ಕಳಸಂಗಿಲ್ಲ."

ಒಮ್ಮೆ ಆಗಿದ್ದು ಎಂಬ ಮಾತು ಮೋನಪ್ಪನಿಗೆ ನಾಟಿತು. ಅವಳೂ ಅದೇ ಭಯದಲ್ಲಿ ಮಾತಾಡುತ್ತಿದ್ದಾಳೆಂದು ತಿಳಿಯಿತು. ಸಿದ್ದವ್ವ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರಸಿಕೊಂಡಳು.

"ಯವ್ವಾ, ನೀನರ ಇಲ್ಲೇ ಇರಬೇ," ಎಂದಳು. "ನನಗ ಅಂಜಿಕಿ ಆಗ್ತೈತಿ."

ಅದೂ ಆಗುವಂತಿರಲಿಲ್ಲ. ಮಗಳಿಗೆ ಕೂಸಾಗುವ ತನಕ ತವರಿನವರು ಆ ಮನೆಯಲ್ಲಿ ಅನ್ನ ಹಾಗಿರಲಿ, ನೀರನ್ನೂ ಮುಟ್ಟುವ ಪದ್ಧತಿಯಿಲ್ಲ. ಕಸ್ತೂರೆವ್ವ ಎದ್ದು ಹೊಳೆಗೆ ಇಳಿದು ಹೋಗಿ ದೋಣಿಯಲ್ಲಿ ಕೂತಳು.

"ಗಾಳಿ ತಿರಗಿದ್ರೂ ನಾ ಏಳಂಗಿಲ್ಲ," ಎಂದಳು ಹಿಂದೆ ಬಂದ ಗಂಡನಿಗೆ. "ಆ ಮನಿಯಾಗ ಇರಾಕ ಬರಂಗಿಲ್ಲ, ಖರೆ. ಇದು ನಮ್ಮ ಮನಿ. ನಮ್ಮ ಅಂಗಳದ ಬೇವು, ನಾ ಹೊಲದ ಬಟ್ಟಿ. ನಾ ನಮ್ಮ ಮನ್ಯಾಗ ಕುಂತೇನಿ. ಯಾರ ಏನಂತಾರ?"

ಮೋನಪ್ಪ ಹೆಂಡತಿಯನ್ನು ನೋಡಿದ, ದೋಣಿಯನ್ನು ನೋಡಿದ. ಆಮೇಲೆ ದಂಡೆ ಏರಿ ದಾಪುಗಾಲು ಹಾಕುತ್ತ ಬೀಗತಿಯ ಮನೆಗೆ ಹೋದ.

"ಬೀಗರ, ಹೊಳಿ ದಾಟಸಬ್ಯಾಡ ಅಂದ್ರಿ, ದಾಟಸಂಗಿಲ್ಲ. ಚೊಚ್ಚಲ ಬಾಣಂತನ ತವರಾಗ ಅಂತ ಲಗ್ನದಾಗ ಮಾತಾಗೈತಿ, ಅದನ್ನೂ ಬಿಡಂಗಿಲ್ಲ. ನಿಮ್ಮ ಹಿತ್ತಲದಾಗ ಎರಡ ಮಾರ ಜಾಗಾ ಕೊಡ್ರಿ. ತವರ ನಾ ಎಳಕೊಂಡ ಬರ್ತೇನಿ."

ಶೆಟ್ಟೆವ್ವ ಹಿತ್ತಲ ಕಡೆ ತಿರುಗಿ ನೋಡಿದಳು. "ಹಿತ್ತಲದಾಗ ತವರಮನಿ ಯಾರರ ಕಂಡಾರೇನ್ರಿ? ಮಂದಿ ನಗ್ತಾರ."

"ನನ್ನ ನೋಡಿ ಮಂದಿ ನಗಾಕತ್ತು ನಾಕ ತಿಂಗಳಾತ್ರಿ. ರೂಢಿ ಆಗೇತಿ."

ಆಕೆ ಸೊಸೆಯ ಕಡೆ ನೋಡಿದಳು. ಸಿದ್ದವ್ವ ಅಳು ನಿಲ್ಲಿಸಿ ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಿದ್ದಳು. "ಮಾಡ್ರಿ," ಎಂದಳು ಶೆಟ್ಟೆವ್ವ. "ಆದ್ರ ನೆಪ್ಪಿರ್ಲಿ. ತವರ ಅಂದ ಮ್ಯಾಲ ತವರು. ಕರೀದ ನಾನೂ ಕಾಲಿಡಂಗಿಲ್ಲ."

ಅಳಿಯ ಎತ್ತು ಹೂಡಿದ. ದೋಣಿಯನ್ನು ಬಂಡಿಯ ಮೇಲೆ ಹೇರಿ ಹಿತ್ತಲಿಗೆ ತಂದು, ಬೇಲಿಯ ಪಕ್ಕ ಮರಳು ಹಾಸಿ ಕೂರಿಸಿದರು. ಮೋನಪ್ಪ ಅಲುಗಾಡದಂತೆ ಎರಡೂ ಮಗ್ಗುಲಿಗೆ ಕಲ್ಲು ಕೊಟ್ಟು, ಒತ್ತಿ ಒತ್ತಿ ಪರೀಕ್ಷೆ ಮಾಡಿದ. ಹಾಯಿಯನ್ನು ಗಳದಿಂದಿಳಿಸಿ ಮೇಲೆ ಚಪ್ಪರದಂತೆ ಬಿಗಿದ. ಒಳಗೆ ಕೌದಿ ಹಾಸಿದ್ದಾಯಿತು. ಕಸ್ತೂರೆವ್ವ ಪಕ್ಕದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಮೋನಪ್ಪ ನಬಿಲಾಲನ ಹರಗೋಲಿನಲ್ಲಿ ಹೊಳೆ ದಾಟಿ, ಮುಳ್ಳುದಾರಿ ತುಳಿದು ಊರಿಂದ ಜೋಳದ ಹಿಟ್ಟು, ಖಾರ, ಬೆಲ್ಲ, ಬಾಣಂತಿಯ ಉಂಡೆಗೆ ಅಂಟು ಹೊತ್ತು ತರುತ್ತಿದ್ದ. ದೋಣಿ ಮಾಡಿದವನೇ ದೋಣಿಯಿಲ್ಲದೆ ನಡೆಯಬೇಕಾಯಿತಲ್ಲ ಎಂದು ನಬಿಲಾಲ ಛೇಡಿಸಿದರೆ, ಅವನಿಗೂ ನಗು ಬರುತ್ತಿತ್ತು.

ಸಿದ್ದವ್ವನನ್ನು ಅತ್ತೆ ಉಡಿ ತುಂಬಿ ತವರಿಗೆ ಕಳಿಸಿದಳು. ಅಡುಗೆಮನೆಯ ಬಾಗಿಲಿನಿಂದ ದೋಣಿಗೆ ಒಂದು ಕೂಗಳತೆಯೂ ಇರಲಿಲ್ಲ. ಹುಡುಗಿ ದೋಣಿಯ ಅಂಚು ದಾಟಿ ಒಳಗಿಳಿದು, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಹಗಲು ಹೊತ್ತಿನಲ್ಲೇ ಗಾಢವಾಗಿ ನಿದ್ದೆ ಹೋದಳು.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಬೇನೆ ಸುರುವಾಯಿತು. ಸೂಲಗಿತ್ತಿ ಬಂದಳು, ಹಾಯಿಯ ಅಂಚು ಇಳಿಬಿಟ್ಟರು. ಮೋನಪ್ಪ ಬೇಲಿಯಾಚೆ ಬಂಡಿಯ ಗಾಲಿಗೆ ಒರಗಿ ಕೂತ. ಅವನಿಗೆ ಎರಡು ವರ್ಷದ ಹಿಂದಿನ ದಾರಿಯ ಒಂದೊಂದು ತೆಗ್ಗೂ ನೆನಪಿಗೆ ಬಂತು. ಬಿಸಿಲೇರುವ ಹೊತ್ತಿಗೆ ಕೂಸಿನ ಅಳು ಕೇಳಿತು, ಚೊಕ್ಕ, ಜೋರಾದ ಅಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಆರಾಮ. ಮೋನಪ್ಪ ಗಾಲಿಯ ಅರಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ, ಯಾರು ನೋಡಿದರೂ ನೋಡಲಿ ಎಂದು.

ಶೆಟ್ಟೆವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಮೊಮ್ಮಗಳ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ತಾನಾಡಿದ ಮಾತು ತನ್ನನ್ನೇ ಕಟ್ಟಿಹಾಕಿತ್ತು. ಓಣಿಯ ಹೆಂಗಸರು ಬಂದು ಬಂದು ಕೂಸು ನೋಡಿ ಹೋಗುವಾಗ, ನಿನ್ನ ತದ್ರೂಪ ಐತಿ ನೋಡಬೇ ಎಂದು ಆಕೆಯ ಹೊಟ್ಟೆ ಉರಿಸಿದರು. ಕಸ್ತೂರೆವ್ವ ಅಂದೇ ಕರೆಯುವವಳಿದ್ದಳು; ಪುರುಡು ಕಳೆಯದೆ ಬೀಗರನ್ನು ಕರೆಯುವುದು ಹೇಗೆಂದು ಹಿರಿಯರು ತಡೆದರು. ಪುರುಡು ಕಳೆದ ಬೆಳಿಗ್ಗೆ ಅವಳು ಮೊದಲು ಮಾಡಿದ ಕೆಲಸವೆಂದರೆ ಗಂಡನ ಕೈಯಲ್ಲಿ ಅರಿಶಿನ ಕುಂಕುಮ ಕೊಟ್ಟು ಬೀಗತಿಯನ್ನು ಕರೆಯಲು ಕಳಿಸಿದ್ದು.

ಶೆಟ್ಟೆವ್ವ ಹಿಂಬಾಗಿಲಿನಿಂದ ಬರಲಿಲ್ಲ. ಇಳಕಲ್ ಸೀರೆ ಉಟ್ಟು, ಮುಂಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿಕೊಂಡು, ಬೇಲಿಯ ತಡಿಕೆ ಸರಿಸಿ ಬಂದಳು. ತಟ್ಟೆಯಲ್ಲಿ ಕೂಸಿನ ತಲೆಗೆ ಹೊಸ ಕುಂಚಿಗೆ, ಕೊಬ್ಬರಿ ಬಟ್ಟಲು, ಸಕ್ಕರೆ ಇದ್ದವು. ದೋಣಿಯ ಹತ್ತಿರ ಬಂದು ಚಪ್ಪಲಿ ಬಿಟ್ಟಳು. ಯಾವತ್ತೂ ಯಾರ ಮುಂದೆಯೂ ಬಾಗದ ತಲೆ, ಹಾಯಿಯ ಅಂಚಿನಡಿ ತುಸು ಬಾಗಿತು.

"ಬೀಗರ," ಎಂದಳು, "ನಿಮ್ಮ ಮನಿಗೆ ಕೂಸಿನ್ನ ನೋಡಾಕ ಬಂದೇನ್ರಿ. ಒಳಗ ಬರ್ಲೇನ್ರಿ?"

ಕಸ್ತೂರೆವ್ವ ಚೆಂಬು ತುಂಬಿ ನೀರು ತಂದಳು.

"ಬರ್ರಿ ಬರ್ರಿ," ಎಂದಳು. "ದೂರದಿಂದ ಬಂದೀರಿ. ಮೊದಲ ಕಾಲಿಗೆ ನೀರ ತಗೋರಿ."