ತಿದ್ದದ ಸಾಕ್ಷಿ

ಮೊಕ್ಪೊ ಬಂದರಿನ ಆ ಕ್ರೈಸ್ತ ಸಭೆಯಲ್ಲಿ ಸುನ್‌ಬೋಕಳ ಕೆಂಪು ಪೆನ್ನು ದಾಟದೆ ದೇವರ ಉಪಕಾರ ಹೇಳುವ ಯಾರ ಸಾಕ್ಷಿಯೂ ವೇದಿಕೆ ಹತ್ತುತ್ತಿರಲಿಲ್ಲ. ದೇವರು ಮಾಡಿದ್ದು ಕಡಿಮೆಯಾಯಿತು ಅನ್ನಿಸಿದರೆ ಆಕೆ ತಾನೇ ಧಾರಾಳವಾಗಿ ಸೇರಿಸುತ್ತಿದ್ದಳು. ಯಾರದೋ ನೆಗಡಿ ಆಕೆಯ ಕೈಗೆ ಸಿಕ್ಕರೆ ನ್ಯುಮೋನಿಯಾ ಆಗುತ್ತಿತ್ತು. ಮೊದಲು ಕಷ್ಟ, ಆಮೇಲೆ ಬೆಳಗಿನ ಜಾವದ ಪ್ರಾರ್ಥನೆ, ಆಮೇಲೆ ಕಣ್ಣೀರು, ಕೊನೆಗೆ ಗೆಲುವು. ಈ ಕ್ರಮ ತಪ್ಪಿದರೆ ದೇವರಿಗೇ ಮುಜುಗರವಾಗುತ್ತದೆ ಎಂದು ಆಕೆ ನಂಬಿದ್ದಳು.

ಈಗ ಅವಳ ಗಂಡನದೇ ಸರದಿ. ಸಭೆಯ ಹಿರಿಯರ ಸ್ಥಾನವೊಂದು ಖಾಲಿಯಾಗಿತ್ತು. ಭಾನುವಾರ ಉಮೇದುವಾರರು ಸಾಕ್ಷಿ ಹೇಳಬೇಕು, ಆಮೇಲೆ ಮತದಾನ. ಎದುರಾಳಿ ಕಡಲಪಾಚಿ ಕಾರ್ಖಾನೆಯ ಬೊಂಗ್. ಸಭೆಗೆ ವ್ಯಾನು ಕೊಡಿಸಿದವನು, ಹಾಗಾಗಿ ಆಗಲೇ ಅರ್ಧ ಸಂತ. ಸುನ್‌ಬೋಕಳ ಗಂಡ ಗಿಲ್‌ಹ್ವಾನ್ ನಿವೃತ್ತ ಬಸ್ ಚಾಲಕ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ. ಹಿರಿಯರ ಹೆಂಡತಿ ಅನ್ನಿಸಿಕೊಳ್ಳಬೇಕೆಂಬ ಆಸೆ ಆಕೆಗೆ ಮೊದಲಿನಿಂದಲೂ ಇತ್ತು. ಆ ದಿನಕ್ಕೆಂದು ನೀಲಿ ರೇಷ್ಮೆಯ ಹನ್ಬೊಕ್ ಹೊಲಿಸಿಯೂ ಆಗಿತ್ತು. ವಿಶ್ವಾಸವೆಂದರೆ ಹಾಗಿರಬೇಕು.

ಶನಿವಾರ ಮಧ್ಯಾಹ್ನ ಆತ ಬರೆದದ್ದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟ.

"ಏನ್ರೀ ಇದು, ಒಂದೇ ಹಾಳೆ? ಬಸ್ ಟಿಕೆಟ್ ಹರ್ದ್ ಕೊಟ್ಟಂಗಿದೆ."

"ಇದ್ದಿದ್ದೇ ಅಷ್ಟು ಕಣೇ."

"ಇದ್ದಿದ್ದನ್ನ ಇದ್ದಂಗೆ ಹೇಳೋಕೆ ಸಾಕ್ಷಿ ಯಾಕ್ರೀ ಬೇಕು? ಕೊಡಿ ಇಲ್ಲಿ."

ಪೆನ್ನಿನ ಮುಚ್ಚಳ ತೆಗೆದು ಓದತೊಡಗಿದಳು.

"ನಮ್ಮ ಮಗಳು ಸೋರಾ ಬದುಕಲಿ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಪ್ರಾರ್ಥಿಸಿದೆ. ಅವಳು ಸತ್ತಳು. ಇದರಲ್ಲಿ ದೇವರ ಯೋಜನೆಯಿದೆ ಎಂದು ಎಲ್ಲರೂ ಹೇಳಿದಿರಿ. ನನಗೆ ಇವತ್ತಿಗೂ ಕಾಣಿಸಿಲ್ಲ. ಮಣ್ಣು ಮಾಡಿದ ಮಾರನೇ ದಿನ ಬೆಳಗಿನ ಜಾವ ನಾನು ಇಲ್ಲಿಗೆ ಬಂದದ್ದು ಪ್ರಾರ್ಥನೆಗಲ್ಲ, ಆತನ ಜೊತೆ ಜಗಳ ಆಡುವುದಕ್ಕೆ. ಅಂದಿನಿಂದ ದಿನವೂ ಅದಕ್ಕೇ ಬರುತ್ತಿದ್ದೇನೆ. ಆತನನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ಆದರೆ ಇಲ್ಲದವನ ಜೊತೆ ಯಾರೂ ದಿನಾ ಜಗಳಕ್ಕೆ ಬರುವುದಿಲ್ಲ. ನನ್ನ ವಿಶ್ವಾಸ ಇಷ್ಟೇ."

ಇದೇ ಸೋರಾಳ ಬಗ್ಗೆ ಸುನ್‌ಬೋಕಳ ಸಾಕ್ಷಿಯೂ ಒಂದಿತ್ತು, ಬಹಳ ಪ್ರಸಿದ್ಧ. 'ತೋಟದ ಅತಿ ಚಂದದ ಹೂವನ್ನು ಒಡೆಯ ತನಗೆಂದು ಕೊಯ್ದುಕೊಂಡ, ಆತನಿಗೆ ಸ್ತೋತ್ರ' ಎಂದು ಮುಗಿಯುತ್ತಿತ್ತು. ಅಕ್ಕಪಕ್ಕದ ಊರಿನ ಸಭೆಗಳೂ ಆಕೆಯನ್ನು ಕರೆಸಿ ಕೇಳಿದ್ದವು. ಹೂವಿನ ಸಾಲಿಗೆ ಸರಿಯಾಗಿ ಗಂಟಲು ಕಟ್ಟುವುದು ಆಕೆಗೆ ಚೆನ್ನಾಗಿ ರೂಢಿಯಾಗಿತ್ತು.

ಗೆಲುವಿನ ಒಂದು ವಾಕ್ಯವನ್ನಾದರೂ ಸೇರಿಸೋಣವೆಂದು ಪೆನ್ನು ಊರಿದಳು. ಕೈ ಮುಂದೆ ಸಾಗಲಿಲ್ಲ. ಇಷ್ಟು ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಈ ಮನುಷ್ಯ ನಿದ್ದೆ ಮಾಡುತ್ತಾನೆಂದು ಆಕೆ ಎಷ್ಟು ಸಲ ತಿವಿದಿದ್ದಳು. ಮೇಜಿಗೆ ತಲೆಯಿಟ್ಟು ಅತ್ತಳು. ವೇದಿಕೆಯ ಅಳುವಲ್ಲ, ಮೂಗು ಸುರಿಯುವ, ನೋಡಲು ಚಂದವಿಲ್ಲದ ಅಳು. ಮಗಳು ಸತ್ತಳು ಎಂಬ ಮಾತನ್ನು ಆ ಮನೆಯಲ್ಲಿ ಯಾರಾದರೂ ನೇರವಾಗಿ ಹೇಳಿದ್ದು ಅದೇ ಮೊದಲು.

"ತಿದ್ದಿದ್ಯಾ?" ಗಿಲ್‌ಹ್ವಾನ್ ಬಾಗಿಲಲ್ಲಿ ನಿಂತು ಕೇಳಿದ.

"ಇಲ್ಲ."

"ಹಿಂಗೇ ಓದಿದ್ರೆ ಸೋಲ್ತೀನಲ್ಲೇ."

"ಗೊತ್ತು ಕಣ್ರೀ. ಹಿಂಗೇ ಓದಿ."

ಭಾನುವಾರ ಆತ ಹಾಗೇ ಓದಿದ. ಇಡೀ ಸಭೆ ಬಿಕ್ಕಿ ಬಿಕ್ಕಿ ಅತ್ತಿತು. ಅತ್ತು, ಕಣ್ಣೊರೆಸಿಕೊಂಡು, ಹೋಗಿ ಬೊಂಗ್‌ಗೆ ಮತ ಹಾಕಿತು. ದೇವರ ಜೊತೆ ಜಗಳವಾಡುವವನನ್ನು ಹಿರಿಯನನ್ನಾಗಿ ಮಾಡಿದರೆ ನಾಳೆ ಸಭೆಯ ಲೆಕ್ಕ ಕೇಳದೆ ಬಿಟ್ಟಾನೆಯೇ? ಸುನ್‌ಬೋಕಳಿಗೆ ಹೊಟ್ಟೆ ಉರಿಯಿತು. ಆದರೂ ಗಂಡನ ಪಕ್ಕಕ್ಕೆ ಬಂದು ಕೂತಾಗ, ಈತ ನನ್ನವನು ಎಂದು ಹೆಮ್ಮೆಯಾಯಿತು.

ಸಭೆಯ ಊಟದ ಕೋಣೆಯಲ್ಲಿ ಮಿರ್ಯೊಂಗ್ ತನ್ನ ನೂಡಲ್ಸ್ ಬಟ್ಟಲು ಹಿಡಿದು ಆಕೆಯ ಪಕ್ಕಕ್ಕೆ ಬಂದು ಕೂತಳು. ಮುಂದಿನ ಸಲ ಹಿರಿಯರ ಸ್ಥಾನಕ್ಕೆ ನಿಲ್ಲುವವನು ಅವಳ ಗಂಡ.

"ಅಕ್ಕ, ಎಷ್ಟ್ ಚೆನ್ನಾಗ್ ಬರ್ದಿದ್ರಿ. ನಮ್ಮನೆಯವ್ರಿಗೂ ಅಂಥದ್ದೇ ಒಂದು ಮಾಡ್ಕೊಡಿ. ಪ್ರಾಮಾಣಿಕವಾಗಿರೋದು."

"ಅದು ನಾನು ಬರ್ದಿದ್ದಲ್ಲ."

"ಆಯ್ತು ಬಿಡಿ, ಯಾರ್ ಬರ್ದಿದ್ರೇನು. ನಮ್ಮನೇಲಿ ಮಕ್ಕಳ್ಯಾರೂ ಹೋಗಿಲ್ಲ, ನಮ್ಮತ್ತೆ ಹೋದ್ರಲ್ಲ, ಅದಕ್ಕೆ ಕೋಪ ಬಂತು ಅಂತ ಹಾಕಬಹುದಾ? ಕೊನೇಲಿ ಮಾತ್ರ ಗೆಲುವು ಇರ್ಲಿ."

ಸುನ್‌ಬೋಕ್ ಚಾಪ್‌ಸ್ಟಿಕ್ ಕೆಳಗಿಟ್ಟಳು. ಇಷ್ಟು ವರ್ಷ ಯಾರಿಗೂ ಹೇಳದ್ದು ಬಾಯಿಗೆ ಬಂತು.

"ನಂಗೂ ಕೋಪ ಹೋಗಿಲ್ಲ ಕಣೇ, ಮಿರ್ಯೊಂಗ್. ನನ್ ಮಗು ಹೂವಾಗಿರ್ಲಿಲ್ಲ. ಅವಳಿಗೆ ಬರೀ ಒಂಬತ್ತು ವರ್ಷ."

ಮಿರ್ಯೊಂಗ್ ಬಟ್ಟಲು ಪಕ್ಕಕ್ಕಿಟ್ಟಳು. ಅವಳ ಕಣ್ಣು ತುಂಬಿ ಬಂತು.

"ಅಕ್ಕ, ಈ ಸಾಲು ತುಂಬಾ ಚೆನ್ನಾಗಿದೆ. ಇದನ್ನೂ ಹಾಕಿ."